ತಲೆ ಉಳಿಯಿತು, ನೆನಪಿಗೆ ಯಾರು ದಿಕ್ಕು?

ಆಕ್ಸಿಡೆಂಟ್ ಆದ ದಿನ ಊರಿಗೆ ಊರೇ ಓಡಿ ಬರುತ್ತದೆ. 108ಕ್ಕೆ ಫೋನ್ ಹಚ್ಚುವವರು, ರಕ್ತ ಕೊಡುವವರು, ಜೇಬಿನಿಂದ ನೂರಿನ್ನೂರು ತೆಗೆದು ಕೊಡುವವರು ಯಾರಿಗೂ ಬರವಿಲ್ಲ. ದಾವಣಗೆರೆಗೋ ಶಿವಮೊಗ್ಗಕ್ಕೋ ಸಾಗಿಸಿ, ತಲೆ ಆಪರೇಷನ್ ಆಗಿ, ಹದಿನೈದು ದಿನವೋ ತಿಂಗಳೋ ಕಳೆದು ಮನುಷ್ಯ ಮನೆಗೆ ಬಂದರೆ "ಸದ್ಯ, ಜೀವ ಉಳೀತಲ್ಲ, ಅಷ್ಟೇ ಸಾಕು" ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಗೆ ಊರಿನ ಲೆಕ್ಕದಲ್ಲಿ ಕೇಸು ಮುಗಿಯಿತು.

ನಿಜವಾದ ಕೇಸು ಶುರುವಾಗುವುದು ಆಮೇಲೆ.

ಗಾಯ ಮಾಯುತ್ತದೆ. ಹೊಲಿಗೆ ಬಿಚ್ಚುತ್ತಾರೆ. ಬೋಳಿಸಿದ ತಲೆಯಲ್ಲಿ ಕೂದಲೂ ಬರುತ್ತದೆ. ನೋಡಿದವರಿಗೆ ಮನುಷ್ಯ ಮೊದಲಿನ ಹಾಗೇ ಕಾಣುತ್ತಾನೆ. ಆದರೆ ಬೆಳಿಗ್ಗೆ ತಿಂದದ್ದು ಏನೆಂದು ಮಧ್ಯಾಹ್ನ ಗೊತ್ತಿಲ್ಲ. ಮಾತ್ರೆ ನುಂಗಿದ್ದು ಮರೆತು ಇನ್ನೊಂದು ಸಲ ನುಂಗುತ್ತಾನೆ. ಸಕ್ಕರೆ ತರಲು ಹೋದವನು ಅಂಗಡಿ ಮುಂದೆ ನಿಂತು ಯಾಕೆ ಬಂದೆ ಎಂದು ಯೋಚಿಸುತ್ತಾನೆ. ಒಂದೇ ಪ್ರಶ್ನೆಯನ್ನು ಕಾಲು ಗಂಟೆಯಲ್ಲಿ ನಾಲ್ಕು ಸಲ ಕೇಳುತ್ತಾನೆ. ಮೂವತ್ತು ವರ್ಷದ ಹಿಂದೆ ಮೇಷ್ಟ್ರು ಹೊಡೆದದ್ದು ಮಾತ್ರ ಚಾಚೂ ತಪ್ಪದೆ ಹೇಳುತ್ತಾನೆ.

ಇಂಥವರ ಮೇಲೆ ಚನ್ನಗಿರಿಯಿಂದ ಜಗಳೂರಿನವರೆಗೆ, ಹೊನ್ನಾಳಿಯಿಂದ ನ್ಯಾಮತಿಯವರೆಗೆ ಊರು ಕೊಡುವ ತೀರ್ಪು ಮೂರೇ ಮೂರು. ಒಂದು, "ಕುಡಿದಾನೆ". ಎರಡು, "ತಲೆ ಕೆಟ್ಟದೆ". ಮೂರು, "ನಾಟಕ ಮಾಡ್ತಾನೆ, ಹಳೇದೆಲ್ಲ ನೆನಪೈತೆ, ಕೊಡೋ ದುಡ್ಡು ಮಾತ್ರ ಮರೆತೋಗುತ್ತೆ".

ಮೂರೂ ಸುಳ್ಳು. ಈ ಮೂರು ಸುಳ್ಳಿನ ಕೆಳಗೆ ಸಿಕ್ಕಿ ಎಷ್ಟು ಸಂಸಾರ ನುಗ್ಗಾಗಿವೆ ಎಂಬುದನ್ನು ಎಣಿಸಿದವರು ಯಾರೂ ಇಲ್ಲ.

ಸತ್ತವರ ಲೆಕ್ಕವಿದೆ, ಉಳಿದವರ ಲೆಕ್ಕವಿಲ್ಲ

ಈ ಜಿಲ್ಲೆಗೆ ರಸ್ತೆ ಅಪಘಾತ ಹೊಸದಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ತೀರಿಕೊಂಡದ್ದು ದಾವಣಗೆರೆ ಪಕ್ಕದ ಆನಗೋಡಿನ ಹತ್ತಿರ. ಇವತ್ತಿಗೂ ಆಟೋಗಳ ಹಿಂದೆ ಅವರ ಚಿತ್ರವಿದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಹೋದರು; ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಹೋದವರನ್ನು ಜನ ನೆನಪಿಡುತ್ತಾರೆ, ಒಳ್ಳೆಯದೇ. ತಲೆಗೆ ಪೆಟ್ಟು ಬಿದ್ದೂ ಬದುಕಿ ಬಂದ ಸಾಮಾನ್ಯನನ್ನು ನೆನಪಿಡುವವರು ಯಾರು?

ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಬೈಕು, ಸ್ಕೂಟರಿನವರು. ಗಾಯಗೊಂಡವರು 4,43,366. ಗಾಯಗೊಂಡವರು ಎಂಬ ಒಂದೇ ಪದದಲ್ಲಿ ಕಾಲು ಮುರಿದವನೂ ಬಂದ, ನೆನಪು ಹೋದವನೂ ಬಂದ. ಕಾಲು ಮುರಿದವನಿಗೆ ಕೋಲು ಸಿಗುತ್ತದೆ. ನೆನಪು ಮುರಿದವನಿಗೆ?

ಬರೀ ರಸ್ತೆಯದಷ್ಟೇ ಅಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲ ಬಂತೆಂದರೆ ಮರದಿಂದ ಬಿದ್ದವರ ಸುದ್ದಿ ಬರುತ್ತದೆ. ಹೊನ್ನಾಳಿ, ನ್ಯಾಮತಿ ಕಡೆ ಟ್ರ್ಯಾಕ್ಟರ್ ಮಗುಚಿ ಬಿದ್ದವರು. ಜಗಳೂರಿನ ಕಡೆಯಿಂದ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಸಾರುವೆ ಮೇಲಿಂದ ಬಿದ್ದು ಬಂದವರು. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದ ಹೆಣ್ಣುಮಕ್ಕಳು. ಬಚ್ಚಲಲ್ಲಿ ಜಾರಿ ಬಿದ್ದ ಮುದುಕರು. ಮೆದುಳಿಗೆ ಪೆಟ್ಟು ಹೇಗೆ ಬಿತ್ತೆಂಬುದು ಮುಖ್ಯವಲ್ಲ. ಬಿದ್ದ ಮೇಲೆ ಎಲ್ಲರ ಗೋಳೂ ಒಂದೇ.

ಗುಮಾಸ್ತ ರಜೆ ಮೇಲಿದ್ದಾನೆ

ನೆನಪಿನ ಸಮಾಚಾರ ಅಂಗಡಿ ಇಟ್ಟವರಿಗೆ ಬೇಗ ಅರ್ಥವಾಗುತ್ತದೆ. ದಿನದ ವ್ಯಾಪಾರವನ್ನು ಸಾಹುಕಾರರು ಮೊದಲು ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಗುಮಾಸ್ತ ಆ ಚೀಟಿಗಳನ್ನು ನೋಡಿ ಖಾತೆ ಪುಸ್ತಕಕ್ಕೆ ಏರಿಸುತ್ತಾನೆ. ಗುಮಾಸ್ತ ಒಂದು ತಿಂಗಳು ಬರಲಿಲ್ಲ ಎನ್ನಿ. ಹಳೆಯ ಖಾತೆಯೆಲ್ಲ ಭದ್ರವಾಗಿಯೇ ಇರುತ್ತದೆ. ಹತ್ತು ವರ್ಷದ ಹಿಂದೆ ಯಾರು ಎಷ್ಟು ಬಾಕಿ ಇಟ್ಟಿದ್ದರು, ತೆಗೆದು ನೋಡಬಹುದು. ಆದರೆ ನಿನ್ನೆ ಯಾರು ಎಷ್ಟು ಒಯ್ದರು? ಚೀಟಿ ಗಾಳಿಗೆ ಹಾರಿಹೋಯಿತು.

ಮೆದುಳಿನಲ್ಲೂ ಅಂಥ ಗುಮಾಸ್ತನೊಬ್ಬ ಇದ್ದಾನೆ. ತಲೆಯ ಎರಡೂ ಪಕ್ಕ, ಕಿವಿಯ ನೇರಕ್ಕೆ ಒಳಗಡೆ ಇರುವ ಒಂದು ಸಣ್ಣ ಭಾಗ. ಡಾಕ್ಟರರು ಹಿಪೊಕ್ಯಾಂಪಸ್ ಅನ್ನುತ್ತಾರೆ. ಅಂದಂದಿನದನ್ನು ಖಾತೆಗೆ ಏರಿಸುವುದು ಅದರ ಮುಖ್ಯ ಕೆಲಸ. ತಲೆಗೆ ಜೋರು ಪೆಟ್ಟು ಬಿದ್ದಾಗ ಈ ಭಾಗಕ್ಕೂ, ಹಣೆಯ ಹಿಂದಿರುವ ಭಾಗಕ್ಕೂ ಘಾಸಿಯಾಗುವುದು ಸಾಮಾನ್ಯ. ಹಣೆಯ ಹಿಂದಿನದು ಗಮನ ಇಡುವ, ಯೋಚಿಸಿ ಹೆಜ್ಜೆ ಹಾಕುವ, ಸಿಟ್ಟು ತಡೆಯುವ ಭಾಗ. ಅದಕ್ಕೇ ಮರೆವಿನ ಜೊತೆ ಮೂಗಿನ ತುದಿಯ ಸಿಟ್ಟೂ, ಯಾವುದರ ಮೇಲೂ ಮನಸ್ಸಿಲ್ಲದ ಮಂಕೂ ಬರುವುದು. ಅದು ಅವನ ಬುದ್ಧಿ ಅಲ್ಲ, ಪೆಟ್ಟಿನ ಬುದ್ಧಿ.

ಈ ಗುಮಾಸ್ತನ ಮಹತ್ವ ಜಗತ್ತಿಗೆ ತಿಳಿದದ್ದು ಒಬ್ಬ ಅಮೆರಿಕದವನ ಸಂಕಟದಿಂದ. ಹೆನ್ರಿ ಮೊಲೈಸನ್ ಎಂಬುವನಿಗೆ ಮೂರ್ಛೆರೋಗ ನಿಲ್ಲಲೆಂದು 1953ರಲ್ಲಿ ಆಪರೇಷನ್ ಮಾಡಿ ಎರಡೂ ಕಡೆಯ ಆ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಹಿಡಿತಕ್ಕೆ ಬಂತು. ಆದರೆ 2008ರಲ್ಲಿ ಸಾಯುವ ತನಕ, 55 ವರ್ಷ, ಅವನು ಹೊಸ ಸಂಗತಿಯನ್ನು ನೆನಪಿಟ್ಟುಕೊಳ್ಳಲು ಹೆಣಗಿದ. ಅವನನ್ನು ವರ್ಷಗಟ್ಟಲೆ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಪ್ರತಿಸಲ ಬಂದಾಗಲೂ ಅವನಿಗೆ ಹೊಸಬರೇ. ಅದೇ ಮಿಲ್ನರ್ ಒಂದು ಚೋದ್ಯ ಕಂಡರು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯುವ ಕೆಲಸ ಕೊಟ್ಟರೆ ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವನಿಗೆ ನೆನಪಿರಲಿಲ್ಲ!

ಅಂದರೆ ತಲೆಯ ನೆನಪು ಬೇರೆ, ಕೈಯ ನೆನಪು ಬೇರೆ. ಇದು ಬೇರೆ ದೇಶದ ಕಥೆಯೆಂದು ಪಕ್ಕಕ್ಕಿಡುವಂಥದ್ದಲ್ಲ. ಪೆಟ್ಟು ತಿಂದ ಟೈಲರ್‌ಗೆ ಗಿರಾಕಿ ಹೇಳಿದ ಅಳತೆ ಮರೆತೀತು, ಹೊಲಿಯುವುದು ಮರೆಯದೇ ಇದ್ದೀತು. ಹೋಟೆಲ್ ಭಟ್ಟರಿಗೆ ಯಾವ ಟೇಬಲ್ಲಿಗೆ ಏನು ಅನ್ನುವುದು ಮರೆತೀತು, ದೋಸೆ ಹುಯ್ಯುವ ಕೈ ಮರೆಯದೇ ಇದ್ದೀತು. ಅಳತೆ ಬರೆದುಕೊಟ್ಟರೆ, ಟೇಬಲ್ ನಂಬರ್ ಚೀಟಿ ಕೊಟ್ಟರೆ ಅವರು ದುಡಿಯಬಲ್ಲರು. "ಇವನ ಕೈಲಿ ಇನ್ನೇನೂ ಆಗಲ್ಲ" ಎಂದು ಮೂಲೆಗೆ ಕೂರಿಸುವ ಮುಂಚೆ ಕೈ ಏನನ್ನುತ್ತದೆ ಎಂದು ಕೇಳಬೇಕು.

ಸಿನಿಮಾದ ಡಾಕ್ಟರು, ಊರಿನ ಡಾಕ್ಟರು

ಸಿನಿಮಾದಲ್ಲಿ ತಲೆಗೆ ಒಂದು ಏಟು ಬಿದ್ದರೆ ನಾಯಕ ತಾಯಿಯನ್ನೇ ಮರೆಯುತ್ತಾನೆ. ಕ್ಲೈಮ್ಯಾಕ್ಸಿನಲ್ಲಿ ಇನ್ನೊಂದು ಏಟು ಬಿದ್ದರೆ ಎಲ್ಲ ವಾಪಸು ಬರುತ್ತದೆ. ಈ ಸುಳ್ಳಿನಷ್ಟು ಕೆಟ್ಟ ಸುಳ್ಳು ಇನ್ನೊಂದಿಲ್ಲ. ನಿಜದಲ್ಲಿ ತಾಯಿ ಮರೆಯುವುದಿಲ್ಲ, ತಾಯಿ ಈಗತಾನೆ ಹೇಳಿದ್ದು ಮರೆಯುತ್ತದೆ. ಎರಡನೆಯ ಏಟು ನೆನಪು ತರುವುದಿಲ್ಲ, ಇದ್ದದ್ದನ್ನೂ ಒಯ್ಯುತ್ತದೆ. ಒಮ್ಮೆ ಪೆಟ್ಟಾದ ತಲೆಯನ್ನು ಮತ್ತೊಂದು ಪೆಟ್ಟಿನಿಂದ ಕಾಪಾಡುವುದೇ ಮೊದಲ ಔಷಧಿ.

ಇನ್ನೊಂದು ತಪ್ಪು ತಿಳುವಳಿಕೆ ಸ್ಕ್ಯಾನಿಂಗ್‌ನದು. "ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂದ್ರು, ಮತ್ತೆ ಇದೇನು ಇವನ ವರಸೆ?" ಎನ್ನುತ್ತಾರೆ ಮನೆಯವರು. ಸಿ.ಟಿ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆ ಬಿರುಕು, ಬಾವು ಇಂಥವನ್ನು. ಪೆಟ್ಟಿನ ರಭಸಕ್ಕೆ ಮೆದುಳಿನೊಳಗಿನ ಸಣ್ಣ ನರದ ಎಳೆಗಳು ಜಗ್ಗಿ ಹರಿದದ್ದು ಅದರಲ್ಲಿ ಕಾಣದೆ ಇರಬಹುದು. ಸ್ಕ್ಯಾನ್ ಸರಿಯಿದೆ ಎಂದರೆ ನೆನಪು ಸರಿಯಿದೆ ಎಂದಲ್ಲ.

ಮತ್ತೊಂದು, "ಸುಳ್ಳು ಹೇಳ್ತಾನೆ" ಎಂಬ ದೂರು. ನೆನಪಿನಲ್ಲಿ ಖಾಲಿ ಬಿದ್ದ ಜಾಗವನ್ನು ಮೆದುಳು ಕೆಲವೊಮ್ಮೆ ತಾನೇ ಏನಾದರೂ ಹಾಕಿ ತುಂಬಿಕೊಳ್ಳುತ್ತದೆ. "ಬೆಳಿಗ್ಗೆ ಮಾವನ ಮನೆಗೆ ಹೋಗಿದ್ದೆ" ಎನ್ನುತ್ತಾನೆ, ಹೋಗಿರುವುದಿಲ್ಲ. ಮೋಸ ಮಾಡಬೇಕೆಂದು ಹೇಳಿದ್ದಲ್ಲ, ಅವನಿಗೆ ಅದು ನಿಜವೆಂದೇ ತೋರುತ್ತದೆ. ಜಗಳ ಹೂಡಿ ಫಲವಿಲ್ಲ. "ಇರ್ಲಿ ಬಿಡಪ್ಪ, ಬರೆದಿಟ್ಟಿದ್ದು ನೋಡೋಣ" ಎಂದು ಪುಸ್ತಕ ತೆಗೆಯುವುದೇ ದಾರಿ.

ಎಷ್ಟು ದಿನ ಹೀಗೆ? ಸುಧಾರಣೆಯ ವೇಗ ಮೊದಲ ಆರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನ. ಒಂದೆರಡು ವರ್ಷ, ಕೆಲವರಲ್ಲಿ ಅದಕ್ಕೂ ಆಚೆ, ಸ್ವಲ್ಪ ಸ್ವಲ್ಪವಾಗಿ ದಾರಿಗೆ ಬರುತ್ತದೆ. ಕೆಲವರಿಗೆ ಪೂರ್ತಿ ಬರುವುದಿಲ್ಲ. ಪೂರ್ತಿ ಬಾರದಿದ್ದರೂ ಬದುಕು ನಡೆಸುವ ಉಪಾಯಗಳು ಉಂಟು. ಅಲ್ಲಿಯ ತನಕ ಕಾಯುವ ತಾಳ್ಮೆ ಮನೆಗೂ ಊರಿಗೂ ಬೇಕು.

ನಮೂದಿಸಲೇಬೇಕಾದ ಎಚ್ಚರಿಕೆ ಒಂದುಂಟು. ಚೇತರಿಸಿಕೊಳ್ಳುತ್ತಿದ್ದವನ ಮರೆವು ಇದ್ದಕ್ಕಿದ್ದಂತೆ ಹೆಚ್ಚಿದರೆ, ತಲೆನೋವು ಏರುತ್ತಾ ಹೋದರೆ, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಸೋಲು, ವಿಪರೀತ ಮಂಪರು ಕಂಡರೆ ಅದನ್ನು ಮಾಮೂಲಿ ಮರೆವೆಂದು ಬಿಡಬಾರದು. ವಯಸ್ಸಾದವರಲ್ಲಿ ಸಣ್ಣ ಪೆಟ್ಟಾದ ಎಷ್ಟೋ ವಾರಗಳ ಮೇಲೂ ತಲೆಯೊಳಗೆ ನಿಧಾನಕ್ಕೆ ರಕ್ತ ಶೇಖರವಾಗುವುದುಂಟು. ಬೇಗ ಹೋದರೆ ಅದನ್ನು ತೆಗೆದು ವಾಸಿ ಮಾಡುತ್ತಾರೆ. "ವಯಸ್ಸಾತು, ಅರಳು ಮರಳು" ಎಂದು ಮನೆಯಲ್ಲೇ ಮಲಗಿಸಿದರೆ ಕೈ ಮೀರುತ್ತದೆ.

ಪುಸ್ತಕವೇ ಎರಡನೇ ತಲೆ

ನೆನಪು ಹೋದವನಿಗೆ "ನೆನಪಿಟ್ಕೋ, ನೆನಪಿಟ್ಕೋ" ಎಂದು ಗದರಿಸುವುದು ಕಾಲಿಲ್ಲದವನಿಗೆ ಓಡು ಎಂದ ಹಾಗೆ. ಬೇಕಾದ್ದು ಬೇರೆ.

ಮೊದಲನೆಯದು ಒಂದು ಪುಸ್ತಕ. ಎರಡು ಮೂರಲ್ಲ, ಒಂದೇ. ಅಂಗಿ ಜೇಬಿನಲ್ಲಿ ಹಿಡಿಸುವಂಥದ್ದು, ದಾರ ಕಟ್ಟಿ ಪೆನ್ನು ನೇತುಹಾಕಿದ್ದು. ಮೊದಲ ಪುಟದಲ್ಲಿ ತನ್ನ ಹೆಸರು, ಮನೆಯವರ ಫೋನ್, ನುಂಗುವ ಮಾತ್ರೆ. ಆಮೇಲೆ ದಿನಕ್ಕೊಂದು ಪುಟ: ಇವತ್ತು ಏನು ಮಾಡಬೇಕು, ಏನು ಮಾಡಿ ಆಯಿತು, ಯಾರಿಗೆ ಎಷ್ಟು ಕೊಟ್ಟೆ. ಪುಸ್ತಕ ನೋಡುವುದೇ ಮರೆಯುತ್ತದಲ್ಲ ಎಂದರೆ ಅದಕ್ಕೆ ಮೊಬೈಲಿನ ಅಲಾರಂ. ಇಡೀ ದಿನ ಸುಮ್ಮನೆ ಜೇಬಲ್ಲಿ ಬಿದ್ದಿರುವ ಮೊಬೈಲು ಈ ಕೆಲಸವನ್ನಾದರೂ ಮಾಡಲಿ.

ಎರಡನೆಯದು ಜಾಗ. ಚಪ್ಪಲಿಗೆ ಒಂದು ಜಾಗ, ಬೀಗದ ಕೈಗೆ ಒಂದು ಮೊಳೆ, ಕನ್ನಡಕಕ್ಕೆ ಒಂದು ಗೂಡು. ಮನೆಯವರು ಯಾರೂ ಅದನ್ನು ಬದಲಿಸಬಾರದು. ಮಾತ್ರೆಗೆ ವಾರದ ಏಳು ದಿನದ ಖಾನೆ ಇರುವ ಡಬ್ಬಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಖಾನೆ ಖಾಲಿ ಇದ್ದರೆ ನುಂಗಿ ಆಯಿತು, ತುಂಬಿದ್ದರೆ ಇಲ್ಲ. ಫಿಟ್ಸ್ ಮಾತ್ರೆ ನುಂಗುವವರಿಗೆ ಈ ಡಬ್ಬಿ ಜೀವ ಉಳಿಸುವ ವಸ್ತು.

ಮೂರನೆಯದು ಕಲಿಸುವ ರೀತಿ. "ಹೇಳು ನೋಡೋಣ, ನಿನ್ನೆ ಯಾರು ಬಂದಿದ್ರು? ನೆನಪು ಮಾಡ್ಕೋ" ಎಂದು ಪರೀಕ್ಷೆ ಮಾಡಿದರೆ ಅವನು ತಪ್ಪು ಹೇಳುತ್ತಾನೆ, ಆ ತಪ್ಪೇ ತಲೆಯಲ್ಲಿ ಕೂರುತ್ತದೆ. ಸರಿಯಾದದ್ದನ್ನೇ ಮೊದಲು ಹೇಳಿ, ಅವನಿಂದ ಹೇಳಿಸಿ, ಐದು ನಿಮಿಷ ಬಿಟ್ಟು ಮತ್ತೆ ಹೇಳಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ತಪ್ಪಿಗೆ ಅವಕಾಶ ಕೊಡದೆ ಕಲಿಸುವ ಈ ಪದ್ಧತಿ ಬಲವಾದ ಮರೆವಿಗೆ ಒಗ್ಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಇರುವುದು ಇಂಥವರಿಗಾಗಿಯೂ ಹೌದು. ಗಮನ, ನೆನಪು ಅಳೆಯುವ ಪರೀಕ್ಷೆಗಳನ್ನು ಇಲ್ಲಿಯ ಜನಕ್ಕೆ ಹೊಂದುವಂತೆ ರೂಪಿಸಿ 2004ರಲ್ಲಿ ಹೊರತಂದದ್ದು ಅಲ್ಲಿಯ ಶೋಭಿನಿ ರಾವ್ ಮತ್ತು ಸಂಗಡಿಗರು. ಗಮನ ಗಟ್ಟಿಮಾಡಲು ಅಲ್ಲಿ ಹೇಳಿಕೊಡುವ ಅಭ್ಯಾಸಗಳಲ್ಲಿ ಲಕ್ಷ ರೂಪಾಯಿಯ ಯಂತ್ರವೇನೂ ಬೇಕಿಲ್ಲ: ಬೆರೆತ ಕಾಳು ಬೇರೆ ಬೇರೆ ಮಾಡುವುದು, ಅಚ್ಚಾದ ಹಾಳೆಯಲ್ಲಿ ಒಂದೇ ಅಕ್ಷರ ಹುಡುಕಿ ಗೆರೆ ಹೊಡೆಯುವುದು. ಹೆಸರು, ಕಡಲೆ, ಅಲಸಂದಿ ಯಾವ ಅಡುಗೆ ಮನೆಯಲ್ಲಿಲ್ಲ? ಓದಿ ಮುಗಿಸಿದ ಸಂಜೆ ಪೇಪರು ಮಿರ್ಚಿ ಕಟ್ಟಲು ಹೋಗುವ ಮೊದಲು ಅರ್ಧ ಗಂಟೆ ಈ ಕೆಲಸಕ್ಕೆ ಬರಲಿ. ಆದರೆ ದಣಿಯುವ ತನಕ ಬೇಡ. ಪೆಟ್ಟಾದ ಮೆದುಳು ಬೇಗ ಸುಸ್ತಾಗುತ್ತದೆ. ಸುಸ್ತಾದಷ್ಟೂ ಮರೆವು ಜಾಸ್ತಿ. ನಿದ್ದೆ ಬೇಕು. ಹೆಂಡ ಪೂರ್ತಿ ಬಂದ್.

ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿಗೆ ಕರೆದುಕೊಂಡು ಹೋಗುವ ಮನೆಗಳೂ ಬಹಳ. ಕೈಮುಗಿದು ಬರಲಿ, ಮನಸ್ಸಿಗೆ ಧೈರ್ಯ ಬೇಕು, ಬೇಡ ಎನ್ನುವವರು ಯಾರು? ಆದರೆ ಗಾಳಿ ಮೆಟ್ಟಿಕೊಂಡಿದೆ ಎಂದು ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದನ್ನು ಯಾವ ದೇವರೂ ಹೇಳಿಲ್ಲ. ಹರಕೆಯೂ ನಡೆಯಲಿ, ಮಾತ್ರೆಯೂ ನಡೆಯಲಿ.

ಅಂಗಡಿಯವರ ಕೈಯಲ್ಲಿದೆ

ಇನ್ನು ಊರಿನ ಮಾತು. ಪೆಟ್ಟು ತಿಂದು ಬಂದವನು ಮನೆ ಬಿಟ್ಟರೆ ಹೆಚ್ಚು ಹೊತ್ತು ಇರುವುದು ಎರಡೇ ಕಡೆ, ಅಂಗಡಿ ಮತ್ತು ಬಸ್ಸು. ಅವನ ಮಾನ ಉಳಿಯುವುದೂ ಹೋಗುವುದೂ ಅಲ್ಲೇ.

ಐನೂರರ ನೋಟು ಕೊಟ್ಟು ಚಿಲ್ಲರೆ ಮರೆತು ಹೊರಟವನನ್ನು "ಅಣ್ಣಾ, ಚಿಲ್ಲರೆ" ಎಂದು ಕೂಗಿ ಕರೆಯುವ ಸಾಹುಕಾರರು ಈ ಊರುಗಳಲ್ಲಿ ಇದ್ದಾರೆ. ಕರೆಯದೆ ಗಲ್ಲಾ ಮುಚ್ಚುವವರೂ ಇದ್ದಾರೆ. ಬೆಳಿಗ್ಗೆ ಒಯ್ದದ್ದನ್ನೇ ಸಂಜೆ ಮತ್ತೆ ಕೇಳಲು ಬಂದವನಿಗೆ "ಬೆಳಿಗ್ಗೇನೇ ಒಯ್ದೆಯಲ್ಲಪ್ಪ, ಮನೇಲಿ ನೋಡು" ಎಂದು ವಾಪಸು ಕಳಿಸುವವರು ಇದ್ದಾರೆ. ವ್ಯಾಪಾರ ಆಯಿತಲ್ಲ ಎಂದು ತೂಗಿ ಕೊಡುವವರೂ ಇದ್ದಾರೆ. ಕಾನೂನು ಎರಡನೆಯವರನ್ನು ಹಿಡಿಯಲಾರದು. ಅವರ ಅಂಗಡಿಯ ದೇವರ ಪಟವೇ ಹಿಡಿಯಬೇಕು.

ಅಂಗಡಿಯವರು ದಾನ ಮಾಡಬೇಕಿಲ್ಲ. ಉದ್ರಿ ಬರೆಯುವಾಗ ಅವನ ಪುಸ್ತಕದಲ್ಲೂ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು: ತಾರೀಕು, ಸಾಮಾನು, ದುಡ್ಡು. ಅರ್ಧ ನಿಮಿಷದ ಕೆಲಸ. ಕೊಟ್ಟೆ, ಕೊಟ್ಟಿಲ್ಲ ಎಂಬ ಜಗಳ ಅಲ್ಲೇ ಮುಗಿಯುತ್ತದೆ. ಇದರಲ್ಲಿ ಅಂಗಡಿಯವರಿಗೂ ಲಾಭವೇ. ಬರೆದ ಬಾಕಿ ವಸೂಲಾಗುತ್ತದೆ, ಬಾಯಿಮಾತಿನ ಬಾಕಿ ಜಗಳವಾಗುತ್ತದೆ. ನೋಡಲು ಹೋದರೆ ವ್ಯಾಪಾರಸ್ಥರು ಯಾವತ್ತೂ ತಲೆಯನ್ನು ನಂಬಿದವರಲ್ಲ, ಖಾತೆಯನ್ನು ನಂಬಿದವರು. ತಮಗೆ ತಪ್ಪೆನಿಸದ ಪುಸ್ತಕ ಪೆಟ್ಟು ತಿಂದವನ ಕೈಯಲ್ಲಿ ಕಂಡರೆ ನಗುವುದೇಕೆ?

ಬಸ್ಸಿನದೂ ಅದೇ. ನ್ಯಾಮತಿಯಲ್ಲಿ ಇಳಿಯಬೇಕಾದವನು ಮುಂದಿನ ಊರಿಗೆ ಹೋಗಿ ಇಳಿದು ಕಕ್ಕಾಬಿಕ್ಕಿಯಾಗುತ್ತಾನೆ. ಟಿಕೆಟ್ ಎಲ್ಲಿಟ್ಟೆ ಎಂದು ತಡಕಾಡುತ್ತಾನೆ. "ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?" ಎಂದು ಕಂಡಕ್ಟರ್ ರೇಗಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಅದಾದ ಮೇಲೆ ಆತ ಬಸ್ಸು ಹತ್ತುವುದನ್ನೇ ಬಿಡುತ್ತಾನೆ, ಡಾಕ್ಟರ ಹತ್ತಿರ ಹೋಗುವುದನ್ನೂ ಬಿಡುತ್ತಾನೆ. ಮುಂದಿನ ಸೀಟಿನಲ್ಲಿ ಕೂರಿಸಿ, ಚೀಟಿ ನೋಡಿ, ಊರು ಬಂದಾಗ ಒಂದು ಮಾತು ಹೇಳಿದರೆ ಕಂಡಕ್ಟರ ಗಂಟು ಹೋಗುವುದಿಲ್ಲ. ಪಕ್ಕದಲ್ಲಿ ಕೂತ ಪ್ರಯಾಣಿಕರ ಬಾಯಿಗೂ ಬೀಗವಿಲ್ಲವಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಗಂಡನಿಗೆ ಪೆಟ್ಟಾದರೆ ಹೆಂಡತಿ ಅವನ ನೆನಪಾಗಿ ನಿಲ್ಲುತ್ತಾಳೆ. ಮಾತ್ರೆ, ಡಾಕ್ಟರು, ಸಾಲ, ಮಕ್ಕಳ ಸ್ಕೂಲು ಎಲ್ಲ ಅವಳ ತಲೆಯಲ್ಲೇ. ಹೆಂಡತಿಗೆ ಪೆಟ್ಟಾದರೆ? ಎರಡು ಸಲ ಹಾಲು ಉಕ್ಕಿಸಿ, ಒಂದು ಸಲ ಸಾರಿಗೆ ಉಪ್ಪು ಎರಡು ಬಾರಿ ಹಾಕಿದರೆ "ತವರಿಗೆ ಕಳಿಸಿ, ಹುಷಾರಾದ ಮೇಲೆ ನೋಡೋಣ" ಎನ್ನುವ ಮನೆಗಳಿವೆ. ಸೀಮೆಯಲ್ಲಿ ದೊಡ್ಡವರೆನಿಸಿಕೊಂಡವರು ಸ್ವಲ್ಪ ನಾಚಿಕೊಳ್ಳಬೇಕಾದ ಸಂಗತಿ ಇದು.

ಹೆಬ್ಬೆಟ್ಟಿನ ಹತ್ತಿರ ಹದ್ದುಗಳು

ಮರೆವಿನವನ ಸುತ್ತ ಬೇಗ ಸೇರುವವರು ಇಬ್ಬರು: ಸಾಲ ಕೊಟ್ಟೆ ಎನ್ನುವವರು ಮತ್ತು ಪತ್ರ ಬರೆಸಿಕೊಳ್ಳುವವರು. "ಹೋದ ವರ್ಷ ಇಪ್ಪತ್ತು ಸಾವಿರ ಒಯ್ದಿದ್ದೆಯಲ್ಲ, ಮರೆತೆಯಾ?" ಎಂದರೆ ಅವನು ಹೌದೆಂದಾನು. ಅಡಿಕೆ ತೋಟದ ಮೂಲೆಯ ಮೇಲೆ ಕಣ್ಣಿಟ್ಟ ದಾಯಾದಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದಾನು. ಕರಾರು ಕಾಯಿದೆಯ ಪ್ರಕಾರ ತಾನು ಮಾಡುತ್ತಿರುವ ವ್ಯವಹಾರ ಏನೆಂದು ತಿಳಿದು, ಅದರ ಒಳಿತು ಕೆಡುಕು ತೂಗಿ ನೋಡುವ ಸ್ಥಿತಿಯಲ್ಲಿ ಇಲ್ಲದವನು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಆದರೆ ಕೋರ್ಟಿನಲ್ಲಿ ಅದನ್ನು ಸಾಬೀತು ಮಾಡುವಷ್ಟರಲ್ಲಿ ಬದುಕು ಸವೆಯುತ್ತದೆ. ನೆನಪು ದಾರಿಗೆ ಬರುವ ತನಕ ಮನೆಯ ನಂಬಿಕಸ್ಥರೊಬ್ಬರ ಎದುರಲ್ಲದೆ ಯಾವ ಕಾಗದಕ್ಕೂ ಸಹಿ ಇಲ್ಲ ಎಂಬ ನೇಮ ಒಳ್ಳೆಯದು.

ಅಪಘಾತದ ಪರಿಹಾರದ ಕೇಸೂ ಹಾಗೆಯೇ. ಬೇಗ ಮುಗಿಸೋಣವೆಂದು ಬಂದಷ್ಟಕ್ಕೆ ರಾಜಿಗೆ ಕೂರುತ್ತಾರೆ. ಕೈಕಾಲು ನೆಟ್ಟಗಿದೆಯಲ್ಲ ಎಂದು ಕೇಳುವವರು ನೆನಪಿನ ನಷ್ಟವನ್ನು ಲೆಕ್ಕಕ್ಕೇ ತರುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು: ದೇಹದ ಊನ ಶೇಕಡಾ ಎಷ್ಟು ಎಂಬುದು ಬೇರೆ, ಆ ಊನದಿಂದ ಆ ಮನುಷ್ಯನ ಗಳಿಕೆ ಎಷ್ಟು ಹೋಯಿತು ಎಂಬುದು ಬೇರೆ. ಒಂದು ಕೈ ಹೋದರೆ ಡ್ರೈವರನಿಗೂ ಬಡಗಿಗೂ ದುಡಿಮೆಯೇ ಹೋಯಿತು, ಗುಮಾಸ್ತನಿಗೆ ಅಷ್ಟು ಹೋಗದೆ ಇರಬಹುದು. ಹಾಗೆ ನೋಡಿದರೆ ನೆನಪು ಹೋದ ಗುಮಾಸ್ತನಿಗೆ, ಮೇಷ್ಟ್ರಿಗೆ, ದಲ್ಲಾಳಿ ಮಂಡಿ ಲೆಕ್ಕದವನಿಗೆ ಹೋದದ್ದು ಎಷ್ಟು? ನೆನಪಿನ ಪರೀಕ್ಷೆ ಮಾಡಿಸಿ, ವರದಿ ಹಿಡಿದೇ ಕೋರ್ಟಿನ ಮುಂದೆ ನಿಲ್ಲಬೇಕು. ಕೇಸು ಹಾಕಲು ಮಾತ್ರ ತಡ ಸಲ್ಲದು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿತು.

ಅಂಗವಿಕಲರ 2016ರ ಕಾಯಿದೆಯೂ ನೆನಪನ್ನು ಮರೆತಿಲ್ಲ. ವಿಚಾರ, ಮನಸ್ಥಿತಿ, ಗ್ರಹಿಕೆ, ನೆನಪು ಇವುಗಳಲ್ಲಿ ಬದುಕಿಗೆ ಅಡ್ಡಿಯಾಗುವಂಥ ಬಲವಾದ ಏರುಪೇರನ್ನು ಆ ಕಾಯಿದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಊನ ಶೇಕಡಾ 40 ಮೇಲ್ಪಟ್ಟರೆ ಮುಖ್ಯ ಸವಲತ್ತುಗಳಿಗೆ ದಾರಿ ಇದೆ. ನೌಕರಿಯಲ್ಲಿದ್ದಾಗ ಊನವಾದ ಸರ್ಕಾರಿ ನೌಕರನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಅದೇ ಸಂಬಳದ ಬೇರೆ ಕೆಲಸಕ್ಕೆ ಹಾಕಬೇಕು ಎಂಬುದೂ ಅದರಲ್ಲೇ ಇದೆ. ಕೇಳಿದವರಿಗಷ್ಟೇ ಸಿಗುವ ಹಕ್ಕು ಇದು. ಮರೆವಿನವನ ಪರವಾಗಿ ಕೇಳುವವರು ಬೇಕು.

ಏಳು ದಿನಕ್ಕೆ ದುಡ್ಡು, ಎರಡು ವರ್ಷಕ್ಕೆ?

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸು, ಕೋರ್ಟೆಂದು ಅಲೆಸಬಾರದೆಂಬ ಕಾಯಿದೆಯನ್ನು ಕರ್ನಾಟಕ 2016ರಲ್ಲೇ ಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ. ಇದೆಲ್ಲ ಜೀವ ಉಳಿಸಲು. ಉಳಿದ ಜೀವ ಬದುಕುವುದು ಹೇಗೆ? ಏಳು ದಿನಕ್ಕೆ ದುಡ್ಡು ಕೊಟ್ಟವರು ಎಂಟನೆಯ ದಿನದಿಂದ ಎರಡು ವರ್ಷದ ಮಾತು ಆಡುವುದಿಲ್ಲ.

ಜಿಲ್ಲೆಯ ಭೂಪಟ ನೋಡಿದರೂ ತೊಡಕು ಕಾಣುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಒಡೆದು ಆದ ಹೊಸ ತಾಲ್ಲೂಕು. ಇವತ್ತಿಗೂ ತಲೆಗೆ ಪೆಟ್ಟಾದರೆ ಒಬ್ಬರು ಶಿವಮೊಗ್ಗದ ಮೆಗ್ಗಾನ್‌ಗೆ ಓಡುತ್ತಾರೆ, ಇನ್ನೊಬ್ಬರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ, ಮತ್ತೊಬ್ಬರು ಚಿತ್ರದುರ್ಗಕ್ಕೆ. ಅಲ್ಲಿಂದ ಬಿಡುಗಡೆಯಾಗುವಾಗ ಕೈಗೆ ಬರುವುದು ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ. ಮರೆವು ಬರಬಹುದು, ಸಿಟ್ಟು ಬರಬಹುದು, ಹೀಗೆ ನೋಡಿಕೊಳ್ಳಿ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದ ಒಂದು ಹಾಳೆ ಅದರ ಜೊತೆ ಬಂದರೆ ಎಷ್ಟೋ ಮನೆಯ ಜಗಳ ನಿಲ್ಲುತ್ತದೆ. ಅದರ ಖರ್ಚು ಹಾಳೆಗೆ ಒಂದು ರೂಪಾಯಿ.

ಹೊಸ ಕಟ್ಟಡ, ಹೊಸ ಹುದ್ದೆ, ಹೊಸ ಶಂಕುಸ್ಥಾಪನೆಯ ಕಲ್ಲು ಯಾರೂ ಕೇಳುತ್ತಿಲ್ಲ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರವೇ ಶುರುಮಾಡಿತು. ಮೆದುಳಿನ ಕಾಯಿಲೆಗಳನ್ನು ಜಿಲ್ಲೆ ಮಟ್ಟದಲ್ಲೇ ನೋಡಬೇಕೆಂದು ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ 'ಕರ್ನಾಟಕ ಮೆದುಳು ಆರೋಗ್ಯ' ಕಾರ್ಯಕ್ರಮ ತಂದದ್ದೂ ರಾಜ್ಯ ಸರ್ಕಾರವೇ. ಈ ಎರಡನ್ನೂ ಸೇರಿಸಿ ತಿಂಗಳಿಗೆ ಒಂದು ಮಂಗಳವಾರವನ್ನು ತಲೆಗೆ ಪೆಟ್ಟಾದವರಿಗೆಂದೇ ನಾಲ್ಕೂ ತಾಲ್ಲೂಕಿನಲ್ಲಿ ಇಡಲಿ. ನೆನಪಿನ ಪರೀಕ್ಷೆ ಅಲ್ಲೇ ಆಗಲಿ. ಆಶಾ ಕಾರ್ಯಕರ್ತೆಯರ ಹತ್ತಿರ ಹಳ್ಳಿವಾರು ಪಟ್ಟಿ ಇರಲಿ. ಬಸುರಿ ಬಾಣಂತಿಯರ ಪಟ್ಟಿ ಇಡಬಲ್ಲ ಆ ಹೆಣ್ಣುಮಕ್ಕಳಿಗೆ ಇದು ಬಾರದ ವಿದ್ಯೆಯಲ್ಲ. ಆದರೆ ಆ ಕೆಲಸಕ್ಕೆ ದುಡ್ಡನ್ನೂ ಕೊಡಬೇಕು. ಮನೆಯಲ್ಲಿ ಯಾರಾದರೂ ಮನಸೋತು ಕೂತಿದ್ದರೆ, ಪೆಟ್ಟು ತಿಂದವರಾಗಲಿ, ನೋಡಿಕೊಳ್ಳುವವರಾಗಲಿ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಏಕಿಲ್ಲ? ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿಗೆ ಸಿಗುವ ಜಾಗ ಇದಕ್ಕೂ ಒಂದು ಮೊಳ ಸಿಗಲಿ.

ಹೆಲ್ಮೆಟ್ ಮಾತು ಹಳೆಯದಾಯಿತೆಂದು ಬಿಡುವ ಹಾಗಿಲ್ಲ. 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ. ಆದರೂ ಹೆಲ್ಮೆಟ್ ಪೊಲೀಸರು ನಿಲ್ಲುವ ಸರ್ಕಲ್ಲಿನ ತನಕ ತಲೆ ಮೇಲೆ, ಅದಾದ ಮೇಲೆ ಪೆಟ್ರೋಲ್ ಟ್ಯಾಂಕ್ ಮೇಲೆ. ಟ್ಯಾಂಕಿಗೆ ನೆನಪಿಲ್ಲ, ಅದಕ್ಕೆ ಹೆಲ್ಮೆಟ್ ಬೇಕಿಲ್ಲ.

ಆಸ್ಪತ್ರೆ ಮಾಡುವುದನ್ನು ಆಸ್ಪತ್ರೆ ಮಾಡಲಿ, ಸರ್ಕಾರ ಮಾಡುವುದನ್ನು ಕೇಳಿ ಮಾಡಿಸಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು. ಆದರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು, ಮೊದಲನೇ ಬಸ್ಸು ಹೊರಡಲು ಯಾವ ಸುತ್ತೋಲೆಯೂ ಬೇಡ. ಜೇಬಿನಲ್ಲಿ ಪುಸ್ತಕ ಇಟ್ಟುಕೊಂಡು ಬಂದವನು ಅದನ್ನು ತೆಗೆದು ಓದಿಕೊಳ್ಳುವಷ್ಟು ಹೊತ್ತು ಕಾಯಬೇಕು, ಅಷ್ಟೆ. ಕ್ಯೂ ಸ್ವಲ್ಪ ನಿಂತೀತು. ನಿಲ್ಲಲಿ.